ಚಿಕ್ಕಪ್ಪನ ಬೇಸ್ ಗಿಟಾರ್ ಮಳೆಗಾಲದಲ್ಲಿ ಬಾಗಿದೆ, ಇನ್ನು ಉಳಿಯುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಹಳ್ಳಿ. ಚಿಕ್ಕಪ್ಪ 80ರ ದಶಕದಲ್ಲಿ ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಸಾಗರದ ಮಾರಿಕಾಂಬಾ ಜಾತ್ರೆ, ಗಣಪತಿ ಪೆಂಡಾಲು, ಮದುವೆಮನೆ, ಎಲ್ಲ ಕಡೆ ಹೋಗುತ್ತಿದ್ದರು. ಒಮ್ಮೆ ನಮ್ಮೂರ ಶಾಲೆ ಮೈದಾನದಲ್ಲೇ ಅವರ ಕಾರ್ಯಕ್ರಮ ಇತ್ತು. ನನಗೆ ಜ್ವರ, ಮನೆಯಲ್ಲೇ ಮಲಗಿದ್ದೆ. ತೋಟದ ಆಚೆಯಿಂದ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ, ಚಿಕ್ಕಪ್ಪನ ಬೇಸ್ ಮಾತ್ರ ಕೇಳುತ್ತಿತ್ತು. ಅವರು ತೀರಿಕೊಂಡ ಮೇಲೆ ಗಿಟಾರ್ ಅಟ್ಟ ಸೇರಿತು. ಜಪಾನಿನದು ಅನ್ನುತ್ತಿದ್ದರು, ಹೆಸರು ಅಳಿಸಿಹೋಗಿದೆ. ಈ ಬೇಸಿಗೆಯಲ್ಲಿ ಕೆಳಗಿಳಿಸಿದೆ. ಮಗಳು ಕಲಿಯುತ್ತೇನೆ ಅಂದಳು. ಆಗ ಪರವಾಗಿರಲಿಲ್ಲ. ಈಗ ಆಶ್ಲೇಷ ಮಳೆ ಹಿಡಿದ ಮೇಲೆ ನೆಕ್, ಅಂದರೆ ತಂತಿ ಹಾಯುವ ಉದ್ದ ಹಿಡಿ, ಬಾಗಿದೆ. 12ನೇ ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿ ಅರ್ಧ ಸೆಂಟಿಮೀಟರ್ ಮೇಲೆ ನಿಂತಿದೆ. ಬೆಂಗಳೂರಿನ ಒಂದು ಅಂಗಡಿಯವರು ಫೋಟೋ ನೋಡಿ 'ನೆಕ್ ಹೋಗಿದೆ, ಹೊಸದು ಹಾಕಿಸಿ, ಇಲ್ಲ ಕೊಟ್ಟುಬಿಡಿ' ಅಂದರು. ಬ್ರಿಡ್ಜ್ (ಬುಡದಲ್ಲಿ ತಂತಿ ಹಿಡಿದಿಡುವ ಲೋಹದ ಭಾಗ) ಹತ್ತಿರ ತಂತಿ ಕೆಳಗೆ ಸಿಕ್ಕಿಸಿದ್ದ ಸ್ಪಂಜು ತೆಗೆದು ಬಿಸಾಡಿ ಅಂತಲೂ ಹೇಳಿದರು. ಪಕ್ಕದ ಮನೆಯವರು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡಿ, ಒಣಗಿ ನೆಟ್ಟಗಾಗುತ್ತದೆ ಅನ್ನುತ್ತಾರೆ. ಸ್ನೇಹಿತರೊಬ್ಬರು ತಂತಿ ಪೂರ್ತಿ ಸಡಿಲ ಮಾಡಿ ಉಪ್ಪಿನ ಗಂಟು ಇಡು ಅಂದರು. ತುಕ್ಕು ಹಿಡಿದ ತಂತಿ ಬದಲಾಯಿಸಿದರೆ ಚಿಕ್ಕಪ್ಪನ ಆ ನಾದ ಹೋಗುತ್ತದಾ ಅನ್ನುವ ಭಯವೂ ಇದೆ. ಇನ್ನೊಂದು, ಆಂಪ್ (ಆಂಪ್ಲಿಫೈಯರ್) ಹಾಕಿ ತಂತಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಬಹುಪಾಲು ನೆಕ್ ಬಗ್ಗೆ ಇದೆ. ನಾನು ಮಾತ್ರ ನಿಮ್ಮ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ನೆಕ್ ಇನ್ನೂ ಮೂರು ತಿಂಗಳು ಕಾದರೂ ತೊಂದರೆ ಇಲ್ಲ. ಆ 'ಜುಮ್' ಕಾಯುವ ವಿಷಯ ಅಲ್ಲ. ಮನೆಯ ವೈರಿಂಗ್ ಮತ್ತು ಆಂಪ್ ಎರಡನ್ನೂ ತೋರಿಸುವ ತನಕ ಅದಕ್ಕೆ ಗಿಟಾರ್ ಸಿಕ್ಕಿಸಬೇಡಿ. ಮಗಳ ಕೈಗಂತೂ ಕೊಡಲೇಬೇಡಿ.

ಬೇಸ್ ಗಿಟಾರಿನ ತಂತಿಗಳು ಬ್ರಿಡ್ಜಿಗೆ ತಾಗಿರುತ್ತವೆ. ಬ್ರಿಡ್ಜಿನಿಂದ ಒಳಗೊಂದು ಸಣ್ಣ ವೈರ್ ಹೋಗಿ ಕೇಬಲ್ಲಿನ ಹೊರಪದರಕ್ಕೆ ಸೇರುತ್ತದೆ, ಅಲ್ಲಿಂದ ಆಂಪಿನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ. ಗುಂಯ್ ಅನ್ನುವ ಶಬ್ದ ಕಡಿಮೆ ಆಗಲಿ ಅಂತ ಬೇಕೆಂದೇ ಹೀಗೆ ಮಾಡಿರುತ್ತಾರೆ. ಅಂದರೆ ನೀವು ತಂತಿ ಮುಟ್ಟಿದಿರಿ ಅಂದರೆ ಆಂಪಿನ ಚಾಸಿಯನ್ನೇ ಮುಟ್ಟಿದ ಹಾಗೆ. ಚಾಸಿ ಮೂರನೇ ಪಿನ್ನಿನ ಮೂಲಕ ಭೂಮಿಗೆ ಸೇರಿದ್ದರೆ ಸೋರುವ ಕರೆಂಟು ಆ ದಾರಿಯಲ್ಲಿ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ನಿಮ್ಮ ಮೈಯೇ ಆ ದಾರಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಅರ್ಥ್ ಗುಂಡಿ ಇದ್ದರೂ ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಒಣಗಿ ಕೆಲಸ ಮಾಡುವುದಿಲ್ಲ.

ಸಣ್ಣ ಜುಮ್ ತಾನೇ, ಅಭ್ಯಾಸ ಆಗುತ್ತದೆ ಅನ್ನುವ ಕಲಾವಿದರನ್ನು ನಾನು ಬಹಳ ನೋಡಿದ್ದೇನೆ. ಆ ಮಾತು ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಒಬ್ಬರೇ ಕೂತು ನುಡಿಸುವಾಗ ಸಣ್ಣದಾಗಿದ್ದ ಜುಮ್, ಬೇರೆ ಲೈನಿನಿಂದ ಬಂದ ಮೈಕಿಗೆ ತುಟಿ ತಾಗಿದಾಗ ಪೂರ್ತಿ ಶಾಕ್ ಆಗಬಹುದು. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಅನ್ನುವ ಗಿಟಾರ್ ವಾದಕ ಅರ್ಥಿಂಗ್ ಸರಿ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಇನ್ನೂ 30 ವರ್ಷ ಆಗಿರಲಿಲ್ಲ. ಜಾತ್ರೆ ವೇದಿಕೆಗಳಲ್ಲಿ ಲೈಟಿಗೆ ಒಂದು ಕಡೆಯ ಲೈನು, ಸೌಂಡಿಗೆ ಜನರೇಟರು ಇರುವ ಜಾಗದಲ್ಲಿ ಈ ಅಪಾಯ ಇನ್ನೂ ಜಾಸ್ತಿ.

ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಿ. ಟೆಸ್ಟರಿನ ದೀಪ ಹತ್ತಿತು, ಹತ್ತಲಿಲ್ಲ ಅನ್ನುವುದರಲ್ಲಿ ಮುಗಿಸಬೇಡಿ. ಫೇಸಿಗೂ ಅರ್ಥಿಗೂ ನಡುವೆ ವೋಲ್ಟೇಜ್ ನೋಡಲಿ, ಅರ್ಥ್ ಗುಂಡಿಯ ರೆಸಿಸ್ಟೆನ್ಸ್ ಅಳೆಯಲಿ. ಆ ಲೈನಿಗೆ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಆಂಪ್ ಹಳೆಯದಾದರೆ ಅದರ ಪವರ್ ಕೇಬಲ್ ಎರಡು ಪಿನ್ನಿನದಾ, ಯಾರಾದರೂ ಮೂರನೇ ಪಿನ್ ಕತ್ತರಿಸಿದ್ದಾರಾ, ಟ್ರಾನ್ಸ್‌ಫಾರ್ಮರ್ ಥಂಡಿ ಕುಡಿದು ಸೋರುತ್ತಿದೆಯಾ ಅಂತ ನೋಡಿಸಿ. ಅಲ್ಲಿಯವರೆಗೆ ಮಗಳು ಆಂಪ್ ಇಲ್ಲದೆ, ಇಲ್ಲವೇ ಬ್ಯಾಟರಿಯಲ್ಲಿ ನಡೆಯುವ ಹೆಡ್‌ಫೋನ್ ಆಂಪ್ ಇಟ್ಟುಕೊಂಡು ಕಲಿಯಬಹುದು. ಅದನ್ನೂ ಚಾರ್ಜಿಗೆ ಹಾಕಿಕೊಂಡು ನುಡಿಸುವುದು ಬೇಡ.

ಇನ್ನು ನೆಕ್. 'ಹೋಗಿದೆ' ಅಂತ ಫೋಟೋ ನೋಡಿ ಹೇಳಲು ಬರುವುದಿಲ್ಲ. ನೀವು ಬರೆದದ್ದರಿಂದ ನನಗೆ ಅನ್ನಿಸುವುದು ಇಷ್ಟು: ಮರ ನೀರು ಕುಡಿದಿದೆ, ತಂತಿಯ ಎಳೆತಕ್ಕೆ ಮುಂದೆ ಬಾಗಿದೆ. ಮಲೆನಾಡಿನಲ್ಲಿ ಪ್ರತಿ ಮಳೆಗಾಲ ಆಗುವ ಕಥೆ ಇದು. ಬಹುಪಾಲು ವಾದ್ಯಗಳು ಇದರಿಂದ ವಾಪಸ್ ಬರುತ್ತವೆ.

ಯಾಕೆ ಬಾಗುತ್ತದೆ ಅಂತ ಗೊತ್ತಾದರೆ ಏನು ಮಾಡಬಾರದು ಅನ್ನುವುದೂ ಗೊತ್ತಾಗುತ್ತದೆ. ಸಾಮಾನ್ಯ ನಾಲ್ಕು ತಂತಿಯ ಬೇಸಿನಲ್ಲಿ ತಂತಿ ನಿಂತಿರುವ ಉದ್ದ 34 ಇಂಚು, ಅಂದರೆ 86 ಸೆಂಟಿಮೀಟರ್ ಚಿಲ್ಲರೆ. ಶ್ರುತಿಗೆ ತಂದಾಗ ನಾಲ್ಕೂ ಸೇರಿ ಎಳೆಯುವ ಬಲ ಸುಮಾರು 70ರಿಂದ 80 ಕೆಜಿ. ಒಂದು ಅಡಿಕೆ ಚೀಲ ಹಗಲು ರಾತ್ರಿ ಆ ನೆಕ್ಕಿಗೆ ಜೋತುಬಿದ್ದ ಹಾಗೆ. ಆ ಎಳೆತಕ್ಕೆ ಎದುರಾಗಿ ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇರುತ್ತದೆ. ತಿರುಗಿಸಿ ಸರಿಪಡಿಸಬಹುದಾದ ಈ ಸರಳಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮ್ಯಾಕ್‌ಹ್ಯೂ 1923ರಲ್ಲೇ ಪೇಟೆಂಟ್ ಪಡೆದಿದ್ದರು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತರುವ ಹೊತ್ತಿಗೆ ಅದು ಹಳೆಯ ವಿದ್ಯೆ. ಮರ ಬಾಗುವುದು ಸಹಜ ಅಂತ ಗೊತ್ತಿದ್ದುದರಿಂದಲೇ ಆ ಸರಳು ಬಂತು.

ವಾದ್ಯ ಮಾಡುವವರು ಸಾಮಾನ್ಯವಾಗಿ ಹೇಳುವುದು ಗಾಳಿಯ ತೇವ 45ರಿಂದ 55 ಶೇಕಡಾ ಇರಲಿ ಅಂತ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ತೇವ 90ರ ಮೇಲೇ ಇರುತ್ತದೆ. ನೆಕ್ಕಿನ ಹಿಂಭಾಗಕ್ಕೆ ಪಾಲಿಶ್ ಇದೆ. ಮುಂದಿನ ಫ್ರೆಟ್‌ಬೋರ್ಡ್ (ಫ್ರೆಟ್ ಕೂರಿಸಿದ ಹಲಗೆ) ಬೀಟೆ ಮರದ್ದಾದರೆ ಅದಕ್ಕೆ ಪಾಲಿಶ್ ಇರುವುದಿಲ್ಲ. ಹೀಗಾಗಿ ಎರಡು ಕಡೆ ಒಂದೇ ಸಮ ನೀರು ಎಳೆಯುವುದಿಲ್ಲ. ಎರಡು ಜಾತಿಯ ಮರ ಅಂಟಿಸಿರುತ್ತಾರೆ, ಅವು ಹಿಗ್ಗುವ ಲೆಕ್ಕವೂ ಬೇರೆ. ಒಂದು ವಾದ್ಯ ಮುಂದೆ ಬಾಗುತ್ತದೆ, ಇನ್ನೊಂದು ಹಿಂದೆ. (ಪಶ್ಚಿಮ ಘಟ್ಟದ ಬೀಟೆ ಪ್ರಪಂಚದ ಎಷ್ಟೋ ಗಿಟಾರುಗಳ ಫ್ರೆಟ್‌ಬೋರ್ಡ್ ಆಗಿದೆ. ಜಪಾನಿನಿಂದ ಬಂದ ನಿಮ್ಮ ವಾದ್ಯದಲ್ಲೂ ನಮ್ಮ ಘಟ್ಟದ ಮರವೇ ಇರಬಹುದು. ಬೀಟೆ ಫ್ರೆಟ್‌ಬೋರ್ಡ್ ಕೈಗೆ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.)

ನೀವೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ವಾದ್ಯ ಶ್ರುತಿಯಲ್ಲಿರಲಿ. ದಪ್ಪ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮಗೆ ನೇರ ಅಳತೆಗೋಲು. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ನೆಕ್ ಸರಿಯಾಗಿದೆ. ಮೂರ್ನಾಲ್ಕು ಕಾರ್ಡ್ ಹಿಡಿಸಿದರೆ ಮುಂದೆ ಬಾಗಿದೆ. ಸಂದೇ ಇಲ್ಲದಿದ್ದರೆ ಹಿಂದೆ ಬಾಗಿದೆ. ಇದನ್ನೇ ಸಣ್ಣ ತಂತಿಯಲ್ಲೂ ಮಾಡಿ. ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಸಂದು ಬಂದರೆ ಬರೀ ಬಾಗು, ಅದು ರಾಡಿನಲ್ಲಿ ಸರಿಹೋಗುತ್ತದೆ. ಒಂದು ಕಡೆ ಬಹಳ, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ನೆಕ್ ತಿರುಚಿಕೊಂಡಿದೆ. ತಿರುಚಿದ್ದನ್ನು ರಾಡಿನಿಂದ ಸರಿ ಮಾಡಲು ಆಗುವುದಿಲ್ಲ. ಫೋಟೋದಲ್ಲಿ ಈ ಎರಡನ್ನು ಬೇರೆ ಮಾಡುವುದು ಕಷ್ಟ, ಅದಕ್ಕೇ ಆ ಅಂಗಡಿಯ ತೀರ್ಪನ್ನು ನಾನು ಒಪ್ಪುತ್ತಿಲ್ಲ.

ಈಗ ಒಲೆ ಅಟ್ಟದ ಮಾತು. ನಿಮ್ಮ ನೆರೆಯವರು ಒಳ್ಳೆಯದಕ್ಕೇ ಹೇಳಿದ್ದಾರೆ. ನಮ್ಮಲ್ಲಿ ಬಿತ್ತನೆ ಬೀಜ, ಬುಟ್ಟಿ, ಹಗ್ಗ ಎಲ್ಲ ಒಲೆ ಹೊಗೆಯಲ್ಲೇ ಉಳಿದದ್ದು. ಹುಳ ಬರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಆದರೆ ಬುಟ್ಟಿಗೆ ಅಂಟು ಹಾಕಿ ಜೋಡಿಸಿದ ಕೀಲುಗಳಿಲ್ಲ. ಗಿಟಾರಿನಲ್ಲಿ ಬಳಸುವ ಮರದ ಅಂಟು 60, 70 ಡಿಗ್ರಿ ಬಿಸಿಗೆ ಮೆತ್ತಗಾಗಲು ಶುರುವಾಗುತ್ತದೆ. ತಂತಿ ಎಳೆಯುತ್ತಿರುವಾಗ ಅಂಟು ಮೆತ್ತಗಾದರೆ ಫ್ರೆಟ್‌ಬೋರ್ಡ್ ಜರುಗುತ್ತದೆ. ಹಾಗೆ ಜರುಗಿ ತಣ್ಣಗಾದ ನೆಕ್ ಆ ಬಾಗಿನಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಈಗ ವಾಪಸ್ ಬರಬಹುದಾದ ಬಾಗನ್ನು ನೀವೇ ಕಾಯಂ ಮಾಡಿದ ಹಾಗಾಯಿತು. ಅಷ್ಟು ಬಿಸಿ ಏರದಿದ್ದರೂ ಇನ್ನೊಂದು ತೊಂದರೆ ಇದೆ. ಬೆಳಗ್ಗೆ ಒಲೆ ಉರಿದಾಗ ಗಾಳಿ ಒಣಗುತ್ತದೆ, ರಾತ್ರಿ ಮತ್ತೆ ಥಂಡಿ. ಒಂದೇ ಸಮ ಥಂಡಿಯಲ್ಲಿದ್ದ ಮರಕ್ಕಿಂತ ದಿನಾ ಹೀಗೆ ಏರಿಳಿತ ಕಂಡ ಮರ ಬೇಗ ಸೀಳುತ್ತದೆ. ನನ್ನ ಮೇಜಿಗೆ ಬರುವ ಮಲೆನಾಡಿನ ವಾದ್ಯಗಳಲ್ಲಿ ನೆಂದು ಹಾಳಾದದ್ದು ಕಡಿಮೆ, ಅವಸರದಲ್ಲಿ ಒಣಗಿಸಿ ಹಾಳಾದದ್ದು ಜಾಸ್ತಿ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು, ಅಡಿಕೆ ಡ್ರೈಯರ್ ಮನೆಯಲ್ಲಿ ನೇತುಹಾಕುವುದು, ಎಲ್ಲ ಇದೇ ಗುಂಪಿಗೆ ಸೇರುತ್ತವೆ.

ಉಪ್ಪಿನ ಗಂಟು ಬೇಡವೇ ಬೇಡ. ಗಾಳಿಯ ತೇವ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ನೀರಾಗುತ್ತದೆ. ಆಷಾಢದಲ್ಲಿ ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ. ಆ ಉಪ್ಪುನೀರು ಬ್ರಿಡ್ಜಿನ ಮೇಲೆ, ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ತೊಟ್ಟಿಕ್ಕಿದರೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ಹಳೆಯ ಬೇಸುಗಳಲ್ಲಿ ಪಿಕಪ್ಪಿನ ಆಯಸ್ಕಾಂತದ ಕಡ್ಡಿಗಳಿಗೇ ನೇರವಾಗಿ ತಾಮ್ರದ ತಂತಿ ಸುತ್ತಿರುತ್ತಾರೆ. ಅದು ತಲೆಕೂದಲಿನಷ್ಟು ತೆಳು. ಕಡ್ಡಿ ತುಕ್ಕು ಹಿಡಿದು ಉಬ್ಬಿದರೆ ಆ ಎಳೆ ಒಳಗೇ ತುಂಡಾಗಿ ಪಿಕಪ್ ಸಾಯುತ್ತದೆ.

ತಂತಿ ಪೂರ್ತಿ ಸಡಿಲ ಮಾಡಬೇಕು ಅನ್ನುವುದು ಅರ್ಧ ನಿಜ. ಟ್ರಸ್ ರಾಡ್ ಹಿಂದಕ್ಕೆ ಎಳೆಯುತ್ತದೆ, ತಂತಿ ಮುಂದಕ್ಕೆ. ತಂತಿ ಬಿಚ್ಚಿಟ್ಟರೆ ರಾಡಿಗೆ ಎದುರಾಳಿ ಇಲ್ಲದೆ ನೆಕ್ ಹಿಂದಕ್ಕೆ ಬಾಗುತ್ತದೆ. ತಿಂಗಳುಗಟ್ಟಲೆ ನುಡಿಸುವುದಿಲ್ಲ ಅಂದರೆ ಒಂದು ಸ್ವರ ಇಳಿಸಿ ಇಡಿ, ಸಾಕು. ನುಡಿಸುತ್ತಿದ್ದರೆ ಇಳಿಸುವುದೇ ಬೇಡ.

ಹಾಗಾದರೆ ಎಲ್ಲಿ ಇಡುವುದು? ಜನ ಓಡಾಡುವ, ಮಲಗುವ ಕೋಣೆಯ ಒಳಗಿನ ಗೋಡೆ ಒಳ್ಳೆಯ ಜಾಗ. ಮಳೆ ಹೊಡೆಯುವ ಹೊರಗೋಡೆ, ನೆಲ, ಅಟ್ಟ ಬೇಡ. ಕಪ್ಪು ರೆಕ್ಸಿನ್ ಚೀಲದಲ್ಲಿ ತುಂಬಿಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ, ನಮ್ಮ ಮಳೆಗಾಲಕ್ಕೆ ಆ ಚೀಲ ಆಗಿಬರುವುದಿಲ್ಲ. ಸಣ್ಣ ಡಿಜಿಟಲ್ ತೇವಮಾಪಕ ಒಂದು ತಂದು ವಾದ್ಯದ ಪಕ್ಕ ಇಡಿ. ಕಣ್ಣಿಗೆ ಅಂಕಿ ಕಂಡರೆ ಊಹೆ ನಿಲ್ಲುತ್ತದೆ.

ಮರದ ಕಪಾಟು ಇದ್ದರೆ ಹಳೆಯ ಕಾಲದ ಬಲ್ಬಿನ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಹೊರಗೆ 24 ಡಿಗ್ರಿ, ತೇವ 92 ಅಂತಿಟ್ಟುಕೊಳ್ಳಿ. ಅದೇ ಗಾಳಿ ಕಪಾಟಿನೊಳಗೆ 28 ಡಿಗ್ರಿ ಆದರೆ ತೇವ 72ರ ಹತ್ತಿರ ಇಳಿಯುತ್ತದೆ. ನಾಲ್ಕು ಡಿಗ್ರಿಗೆ ಅಷ್ಟು ವ್ಯತ್ಯಾಸ. 15 ವ್ಯಾಟಿನ ಫಿಲಮೆಂಟ್ ಬಲ್ಬು ಸಾಕು, ಎಲ್‌ಇಡಿಯಲ್ಲಿ ಅಷ್ಟು ಕಾವು ಇರುವುದಿಲ್ಲ. ಬಲ್ಬು ತಳದಲ್ಲಿ, ಸುತ್ತ ತಂತಿ ಬಲೆ ಹಾಕಿ, ವಾದ್ಯದಿಂದ ದೂರ ಇರಬೇಕು. ಬಟ್ಟೆ, ಕಾಗದ ಅದೇ ಕಪಾಟಿನಲ್ಲಿದ್ದರೆ ಬೆಂಕಿಯ ಅಪಾಯ ಇದೆ, ಆಗ ಈ ಉಪಾಯ ಬಿಟ್ಟುಬಿಡಿ. ಗಾಳಿಮಳೆಗೆ ಕರೆಂಟು ಹೋಗಿ ಮೂರು ದಿನ ಬಾರದ ಊರುಗಳಲ್ಲಿ ಕಪಾಟು ಮತ್ತೆ ತಣ್ಣಗಾಗುತ್ತದೆ ಅನ್ನುವುದೂ ನೆನಪಿರಲಿ. ಡಿಹ್ಯುಮಿಡಿಫೈಯರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಕರೆಂಟು ಬೇಕು, ಕೋಣೆಯ ಬಾಗಿಲು ಮುಚ್ಚಿರಬೇಕು. ಹೆಂಚಿನ ಸಂದಿಯಲ್ಲಿ ಗಾಳಿ ಆಡುವ ಮನೆಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಕರೆಂಟಿನ ಹಂಗಿಲ್ಲದ್ದು ಸಿಲಿಕಾ ಜೆಲ್. ಚಪ್ಪಲಿ ಡಬ್ಬಿಯ ಪುಟ್ಟ ಪೊಟ್ಟಣ ಸಾಲದು. ಗಟ್ಟಿ ಕೇಸಿಗೆ ಅರ್ಧ ಕೆಜಿ ಬೇಕು. ಅದು ತನ್ನ ತೂಕದ ಸುಮಾರು ಮೂರನೇ ಒಂದು ಭಾಗ ನೀರು ಹಿಡಿಯುತ್ತದೆ, ಆಮೇಲೆ ಸುಮ್ನೆ ಕಲ್ಲಿದ್ದ ಹಾಗೆ. ಬಣ್ಣ ಬದಲಾದಾಗ 110, 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ್ದು ತನ್ನಿ. ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ, ಬೇರೆ ಪಾತ್ರೆ ಇಡಿ.

ನೆಕ್ ಸರಿಪಡಿಸುವ ಕೆಲಸಕ್ಕೆ ದೀಪಾವಳಿ ಕಳೆಯಲಿ. ಗಾಳಿ ಒಣಗಿ ಎರಡು ಮೂರು ವಾರ ಆದ ಮೇಲೆ ನೆಕ್ ತಾನಾಗಿ ಎಷ್ಟು ವಾಪಸ್ ಬಂದಿದೆ ನೋಡಿ. ಕೆಲವು ಸಲ ಅರ್ಧಕ್ಕರ್ಧ ಬರುತ್ತದೆ. ಮಗಳಿಗೆ ಈಗಲೇ ಬೇಕು ಅಂದರೆ ರಾಡನ್ನು ಸ್ವಲ್ಪ ಬಿಗಿ ಮಾಡಿಸಬಹುದು, ತಪ್ಪಿಲ್ಲ. ಆದರೆ ಡಿಸೆಂಬರಿನಲ್ಲಿ ಮತ್ತೆ ಸಡಿಲಿಸಬೇಕಾಗುತ್ತದೆ. ಮಲೆನಾಡಿನಲ್ಲಿ ವಾದ್ಯ ಇಟ್ಟುಕೊಂಡವರು ವರ್ಷಕ್ಕೆ ಎರಡು ಸಲ ಈ ಕೆಲಸ ಮಾಡಿಸಲೇಬೇಕು.

ರಾಡ್ ತಿರುಗಿಸುವುದನ್ನು ನೀವೇ ಕಲಿಯಬಹುದು. ಮೊದಲ ಸಲ ಮಾತ್ರ ಗೊತ್ತಿದ್ದವರ ಎದುರು ಮಾಡಿ. ಅಲೆನ್ ಕೀ ಸರಿಯಾಗಿ ಕೂರಬೇಕು. ಮಿಲಿಮೀಟರಿನ ತಲೆಗೆ ಇಂಚಿನ ಕೀ ಹಾಕಿ ತಿರುಗಿಸಿದರೆ ಮೂಲೆ ಸವೆದು ಮುಂದೆ ಯಾವ ಕೀಯೂ ಹಿಡಿಯುವುದಿಲ್ಲ. ಬಲಕ್ಕೆ ತಿರುಗಿಸಿದರೆ ಬಿಗಿ, ಮುಂದಿನ ಬಾಗು ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಒಂದು ರಾತ್ರಿ ಬಿಡಿ, ಮತ್ತೆ ಅಳೆಯಿರಿ. ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ತುಕ್ಕು ಹಿಡಿದ ರಾಡನ್ನು ಬಲವಂತ ಮಾಡಿದರೆ ಒಳಗೇ ಮುರಿಯುತ್ತದೆ, ಆಮೇಲೆ ಫ್ರೆಟ್‌ಬೋರ್ಡ್ ಬಿಚ್ಚದೆ ಬೇರೆ ದಾರಿ ಇಲ್ಲ. ಹೆಡ್‌ಸ್ಟಾಕಿನಲ್ಲಿ (ನೆಕ್ಕಿನ ತುದಿಯಲ್ಲಿ ತಂತಿ ಬಿಗಿಸುವ ಭಾಗ) ತೂತು ಕಾಣದಿದ್ದರೆ ರಾಡ್ ಇಲ್ಲ ಅಂದುಕೊಳ್ಳಬೇಡಿ. ಹಳೆಯ ಫೆಂಡರ್ ಮಾದರಿಗಳಲ್ಲಿ ಅದರ ತಲೆ ನೆಕ್ಕಿನ ಬುಡದಲ್ಲಿ ಇರುತ್ತದೆ, ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ತೆಗೆದರೆ ಕಾಣುತ್ತದೆ. ನೆಕ್ ನೇರವಾದ ಮೇಲೆ ಬ್ರಿಡ್ಜಿನಲ್ಲಿ ತಂತಿಯ ಎತ್ತರ ಇಳಿಸುವುದು. 12ನೇ ಫ್ರೆಟ್ ಹತ್ತಿರ ದಪ್ಪ ತಂತಿಗೆ ಎರಡೂವರೆ ಮಿಲಿಮೀಟರ್, ಸಣ್ಣದಕ್ಕೆ ಎರಡು ಇದ್ದರೆ ಮಗಳ ಬೆರಳಿಗೆ ಸುಲಭ.

ನೆಕ್ ತಿರುಚಿದ್ದರೆ, ಅಥವಾ ರಾಡ್ ಇನ್ನು ತಿರುಗದಷ್ಟು ಬಿಗಿಯಾಗಿದ್ದರೆ, ಫ್ರೆಟ್ ಕಿತ್ತು ಹಲಗೆ ಸಮ ಮಾಡಿ ಹೊಸ ಫ್ರೆಟ್ ಹೊಡೆಯುವುದು ಒಂದು ದಾರಿ. ಚೆನ್ನಾಗಿ ಮಾಡಿದರೆ ಬಹಳ ವರ್ಷ ನಿಲ್ಲುತ್ತದೆ. ಹಲಗೆ ತೆಳುವಾಗುತ್ತದೆ, ಖರ್ಚೂ ಇದೆ. ಬಿಸಿ ಕೊಟ್ಟು ಒತ್ತಿ ನೇರ ಮಾಡುವುದು ಇನ್ನೊಂದು. ಎಷ್ಟೋ ಸಲ ಮುಂದಿನ ಮಳೆಗಾಲಕ್ಕೆ ಹಳೆಯ ಬಾಗು ಮರಳಿ ಬರುತ್ತದೆ, ಹಾಗಾಗಿ ನಾನು ಅದನ್ನು ಕೊನೆಗೆ ಇಡುತ್ತೇನೆ. ಹೊಸ ನೆಕ್ ಹಾಕಿದರೆ ವಾದ್ಯ ಚೆನ್ನಾಗಿ ನುಡಿಯುತ್ತದೆ, ಆದರೆ ಚಿಕ್ಕಪ್ಪನ ಕೈ ಸವೆಸಿದ ಮರ ಇರುವುದಿಲ್ಲ. ಹಾಕಿಸಿದರೂ ಹಳೆಯದನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ಮಾರುವ ಮಾತಿಗೆ ನನ್ನ ಅಭಿಪ್ರಾಯ ಸ್ಪಷ್ಟ. ಈಗ ಮಾರಬೇಡಿ. ಬಾಗಿದ ನೆಕ್ ತೋರಿಸಿ ಯಾರೂ ಸರಿಯಾದ ಬೆಲೆ ಕೊಡುವುದಿಲ್ಲ. 1991ಕ್ಕಿಂತ ಮೊದಲು ಆಮದು ಪರವಾನಗಿ, ಸುಂಕದ ಕಾಲದಲ್ಲಿ ಒಂದು ಜಪಾನ್ ಬೇಸ್ ಶಿವಮೊಗ್ಗ ತಲುಪುವುದು ಸುಲಭವಿರಲಿಲ್ಲ. ಯಾರೋ ಹೊರದೇಶದಿಂದ ಬರುವಾಗ ತಂದಿರಬೇಕು, ನಿಮ್ಮ ಚಿಕ್ಕಪ್ಪ ಅದಕ್ಕೆ ಬಹಳ ದುಡ್ಡು ಕೂಡಿಸಿರಬೇಕು. ಆ ಕಾಲದ ಜಪಾನಿನ ಕಾರ್ಖಾನೆಗಳ ಕೆಲಸಕ್ಕೆ ಇಂದಿಗೂ ಗೌರವ ಇದೆ. ನೆಕ್ ಬಿಚ್ಚಿದಾಗ ಬುಡದಲ್ಲಿ ಮುದ್ರೆ ಅಥವಾ ಅಂಕಿ ಇದ್ದರೆ ಫೋಟೋ ತೆಗೆದುಕೊಳ್ಳಿ. ಹೆಸರು ಅಲ್ಲಿಂದ ಸಿಗಬಹುದು.

ಕೊನೆಗೆ ನೀವು ಮುಖ್ಯವಾಗಿ ಕೇಳಿದ್ದು, ಆ ನಾದ.

ತೋಟದ ಆಚೆಯಿಂದ ಬೇಸ್ ಮಾತ್ರ ಕೇಳುತ್ತಿತ್ತು ಅಂತ ಬರೆದಿದ್ದೀರಿ. ಅದು ಜ್ವರದ ಭ್ರಮೆ ಅಲ್ಲ. ಬೇಸಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಡಿಕೆ ಮರ, ಗೋಡೆ, ದರೆ ಅದನ್ನು ತಡೆಯಲಾರವು, ಅದು ಸುತ್ತಿಕೊಂಡು ಬರುತ್ತದೆ. ಹಾಡುಗಾರರ ಮಾತಿನ ಸ್ಪಷ್ಟತೆ ಇರುವುದು ಮೇಲಿನ ಸ್ವರಗಳಲ್ಲಿ. ಅವನ್ನು ಎಲೆಗಳು, ಗಾಳಿ ಹೀರಿಕೊಳ್ಳುತ್ತವೆ. ಆ ರಾತ್ರಿ ನಿಮಗೆ ತಲುಪಿದ್ದರಲ್ಲಿ ಹೆಚ್ಚಿನ ಪಾಲು ಚಿಕ್ಕಪ್ಪನದೇ. 80ರ ದಶಕ ಅಂದರೆ ಇಳಯರಾಜರ ಹಾಡುಗಳು ಕರ್ನಾಟಕದ ಆರ್ಕೆಸ್ಟ್ರಾಗಳಲ್ಲೂ ತುಂಬಿದ್ದ ಕಾಲ. ಅವರ ಹಾಡುಗಳಲ್ಲಿ ಬೇಸ್ ಬರೀ ತಾಳಕ್ಕೆ ಜೊತೆ ಕೊಡುವುದಿಲ್ಲ, ತನ್ನದೇ ರಾಗ ಹಿಡಿದು ನಡೆಯುತ್ತದೆ. ಅಂಥ ಹಾಡನ್ನು ವೇದಿಕೆಯಲ್ಲಿ ನುಡಿಸಲು ಒಳ್ಳೆಯ ಕೈ ಬೇಕು.

ಆ ಸ್ಪಂಜನ್ನು ದಯವಿಟ್ಟು ಬಿಸಾಡಬೇಡಿ. ಅದು ಕಸ ಅಲ್ಲ, ಚಿಕ್ಕಪ್ಪ ಬೇಕೆಂದೇ ಇಟ್ಟದ್ದು. ಹಳೆಯ ಫೆಂಡರ್ ಬೇಸುಗಳಲ್ಲಿ ಬ್ರಿಡ್ಜಿನ ಮುಚ್ಚಳದ ಒಳಗೆ ಕಾರ್ಖಾನೆಯವರೇ ಸ್ಪಂಜು ಅಂಟಿಸುತ್ತಿದ್ದರು. ತಂತಿ ಉದ್ದಕ್ಕೆ ಮೊಳಗದೆ, ದುಂಡಗೆ, ಚಿಕ್ಕದಾಗಿ, ಸ್ವರ ಸ್ವರ ಬಿಡಿಸಿದ ಹಾಗೆ ಕೇಳುತ್ತದೆ. ದೊಡ್ಡ ಮೈದಾನದಲ್ಲಿ ಪ್ರತಿಧ್ವನಿ ಹೆಚ್ಚಿದ್ದಾಗ ಸ್ವರಗಳು ಒಂದರ ಮೇಲೊಂದು ಬಿದ್ದು ಗೊಂದಲ ಆಗುವುದಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಬದಲಾಯಿಸುವುದನ್ನೇ ಇಷ್ಟಪಡುತ್ತಿರಲಿಲ್ಲ. ಮೇಲ್ಮೈ ನುಣುಪಾಗಿರುವ ಫ್ಲಾಟ್‌ವೂಂಡ್ ತಂತಿ ಹಾಕಿ, ಅದು ತುಂಡಾಗುವ ತನಕ ನುಡಿಸುತ್ತಿದ್ದರು. ಹಳೆಯ ತಂತಿಯ ಮಂಕು ನಾದವನ್ನು ಬೇಕೆಂದೇ ಹುಡುಕುವವರು ಈಗಲೂ ಇದ್ದಾರೆ.

ಆದರೆ ಹಳೆಯದಾಗುವುದು ಬೇರೆ, ತುಕ್ಕು ಬೇರೆ. ತುಕ್ಕು ಹಿಡಿದ ತಂತಿ ಫ್ರೆಟ್ಟನ್ನು ಅರದ ಹಾಗೆ ತಿನ್ನುತ್ತದೆ, ಮಗಳ ಬೆರಳನ್ನೂ ಕುಯ್ಯುತ್ತದೆ. ಶ್ರುತಿಯೂ ನಿಲ್ಲುವುದಿಲ್ಲ. ಬೇಯಿಸಿದರೆ ಹೊಸದಾಗುತ್ತದೆ ಅನ್ನುವುದನ್ನು ನಂಬಬೇಡಿ. ಕುದಿಸಿದರೆ ಕೊಳೆ ಹೋಗಿ ನಾಲ್ಕು ದಿನ ಮಿಂಚುತ್ತದೆ, ಸುರುಳಿಯ ಒಳಗೆ ಉಳಿದ ನೀರು ಉಳಿದದ್ದನ್ನೂ ತಿನ್ನುತ್ತದೆ. ಬದಲಾಯಿಸಿ.

ಬಿಚ್ಚುವ ಮೊದಲು ಮೇಲ್ಮೈ ಮುಟ್ಟಿ ನೋಡಿ. ನುಣುಪಾಗಿದ್ದರೆ ಫ್ಲಾಟ್‌ವೂಂಡ್, ಗೆರೆ ಗೆರೆ ಇದ್ದರೆ ರೌಂಡ್‌ವೂಂಡ್. ವರ್ನಿಯರ್ ಕ್ಯಾಲಿಪರಿನಲ್ಲಿ ನಾಲ್ಕರ ದಪ್ಪವನ್ನೂ ಅಳೆದು ಬರೆದಿಡಿ. ಅದೇ ಬಗೆಯದನ್ನು, ಅದೇ ದಪ್ಪದಲ್ಲಿ ತರಿಸಿ. ದಪ್ಪ ಬದಲಾದರೆ ಎಳೆತ ಬದಲಾಗಿ ನೆಕ್ ಮತ್ತೆ ಜರುಗುತ್ತದೆ. ಒಂದೊಂದೇ ತೆಗೆದು ಒಂದೊಂದೇ ಹಾಕಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಸ್ಪಂಜು ಪುಡಿಯಾಗುತ್ತಿದ್ದರೆ ಅದನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟು, ಅದೇ ಅಳತೆಗೆ ಹೊಸದು ಕತ್ತರಿಸಿ ಅದೇ ಜಾಗದಲ್ಲಿ ಇಡಿ. ಪಿಕಪ್ ಜೀವಂತ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿಸಿ, 7ರಿಂದ 12 ಕಿಲೋ ಓಮ್ ನಡುವೆ ತೋರಿಸಿದರೆ ಸಾಮಾನ್ಯವಾಗಿ ಸರಿ ಇದೆ ಅಂತ ಅರ್ಥ. ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಫ್ರೆಟ್‌ಬೋರ್ಡಿನ ಬೂಷ್ಟನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ಆರಲು ಬಿಡಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಮಟು ವಾಸನೆ ಬಂದು ಅಂಟಂಟಾಗುತ್ತದೆ. ಫ್ರೆಟ್ ಉಜ್ಜಲು ಸ್ಟೀಲ್ ವುಲ್ ಬಳಸಿದರೆ ಪಿಕಪ್ಪಿನ ಮೇಲೆ ಟೇಪ್ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಕಬ್ಬಿಣದ ಪುಡಿಯೆಲ್ಲ ಆಯಸ್ಕಾಂತಕ್ಕೆ ಹೋಗಿ ಕೂರುತ್ತದೆ.

ದೀಪಾವಳಿ ಆದ ಮೇಲೆ ಎರಡೂ ತಂತಿಗಳ ಸಂದಿನ ಅಳತೆ, ತೇವಮಾಪಕದ ಅಂಕಿ, ಹೆಡ್‌ಸ್ಟಾಕ್ ಮತ್ತು ನೆಕ್ ಬುಡದ ಫೋಟೋ ಬರೆದು ಕಳಿಸಿ. ರಾಡ್ ಎಷ್ಟು ತಿರುಗಿಸಬೇಕು, ತಿರುಗಿಸಲೇಬೇಕಾ ಅನ್ನುವುದನ್ನು ಆಗ ಹೇಳುತ್ತೇನೆ. ಎಲೆಕ್ಟ್ರಿಷಿಯನ್ನನ್ನು ಮಾತ್ರ ಈ ವಾರವೇ ಕರೆಸಿ.